5,000 ಮೀಟರ್ ಮೇಲೆ ನಿಜವಾಗಿ ಊರು ಇದೆಯಾ? ಅಲ್ಲಿ ಮಕ್ಕಳು ಹುಟ್ಟುತ್ತಾರಾ?

ಪ್ರಶ್ನೆ: ಗುಂಡುಸೂಜಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಹತ್ತು ವರ್ಷ. ಗೋಡೆಗೆ ದೊಡ್ಡದೊಂದು ಪ್ರಪಂಚದ ನಕ್ಷೆ ಅಂಟಿಸಿ ನಾವಿಬ್ಬರೂ ಒಂದು ಆಟ ಶುರು ಮಾಡಿದ್ದೇವೆ. ಸಮುದ್ರಮಟ್ಟದಿಂದ 4,000 ಮೀಟರ್ ಮೇಲೆ ಜನ ವರ್ಷಪೂರ್ತಿ ಬಾಳುವ ಊರು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಒಂದೊಂದು ಗುಂಡುಸೂಜಿ ಚುಚ್ಚುವುದು. ಪರ್ವತಾರೋಹಿಗಳ ಶಿಬಿರ, ಸೈನ್ಯದ ಠಾಣೆ ಲೆಕ್ಕಕ್ಕಿಲ್ಲ. ಊರೇ ಆಗಿರಬೇಕು.

ಬೊಲಿವಿಯಾದ ಎಲ್ ಆಲ್ಟೊ ಮತ್ತು ಪೊಟೊಸಿ, ಪೆರುವಿನ ಸೆರೊ ದೆ ಪಾಸ್ಕೊ, ಟಿಬೆಟ್‌ನ ನಾಗ್‌ಚು, ಇಷ್ಟಕ್ಕೆ ಚುಚ್ಚಿ ಆಗಿದೆ. ಎಲ್ಲಕ್ಕಿಂತ ಎತ್ತರದ ಊರಿಗೆ ಅಂತ ಎತ್ತಿಟ್ಟ ಕೆಂಪು ಸೂಜಿ ಮಾತ್ರ ಇನ್ನೂ ಕೈಯಲ್ಲೇ ಇದೆ. ಒಂದು ಪಟ್ಟಿ ಪೆರುವಿನ ಲಾ ರಿಂಕೊನಾಡಾ ಅನ್ನುತ್ತೆ, ಸುಮಾರು 5,100 ಮೀಟರ್. ಇನ್ನೊಂದು ಪಟ್ಟಿಯಲ್ಲಿ ಟಿಬೆಟ್‌ನ ಯಾವುದೋ ಹಳ್ಳಿ. ಮತ್ತೊಂದು ಕಡೆ ಚಿಲಿಯ ಗಣಿ ಕೆಲಸಗಾರರ ಬಿಡಾರ, 5,300 ಮೀಟರ್. ಯಾವುದನ್ನು ನಂಬಬೇಕು?

ಮಗಳು ಇದಕ್ಕಿಂತ ಕಷ್ಟದ್ದು ಕೇಳಿದಳು. "ಅಪ್ಪಾ, ಅಲ್ಲಿ ಪಾಪು ಹುಟ್ಟುತ್ತಾ? ಪಾಪು ಹುಟ್ಟದಿದ್ದರೆ ಅದು ಊರು ಹೇಗಾಗುತ್ತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿನ ಜನರ ಮೈ ನಿಜವಾಗಿಯೂ ಆ ಗಾಳಿಗೆ ಒಗ್ಗಿಕೊಂಡಿದೆಯಾ, ಅಥವಾ ಸುಮ್ನೆ ತಡೆದುಕೊಂಡು ಇದ್ದಾರಾ? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ನಕ್ಷೆಪ್ರಿಯ

ಪಟ್ಟಣ ಅಂತ ಕರೆಯುವಷ್ಟು ಜನ ಇರಬೇಕು ಅಂದರೆ ಲಾ ರಿಂಕೊನಾಡಾನೇ. ಅಲ್ಲಿ ಹತ್ತಾರು ಸಾವಿರ ಜನ ಇದ್ದಾರೆ. ನಾಗ್‌ಚು 4,500 ಮೀಟರ್, ಸೆರೊ ದೆ ಪಾಸ್ಕೊ 4,330ರ ಆಸುಪಾಸು, ಎಲ್ ಆಲ್ಟೊ ಸುಮಾರು 4,150.

ಮಗಳಿಗೆ ಒಂದು ವಿಷಯ ತೋರಿಸಿ. ನಿಮ್ಮ ಸೂಜಿಗಳೆಲ್ಲ ಹೆಚ್ಚುಕಮ್ಮಿ ಎರಡೇ ಕಡೆ ಗುಂಪಾಗಿ ಬೀಳುತ್ತವೆ. ಒಂದು ಆಂಡೀಸ್, ಇನ್ನೊಂದು ಟಿಬೆಟ್ ಮತ್ತು ಅದರ ಅಂಚು. ಆಲ್ಪ್ಸ್‌ನಲ್ಲಿ 4,000 ಮೀಟರ್ ದಾಟಿದ ಶಿಖರಗಳು ಬೇಕಾದಷ್ಟಿವೆ, ಆದರೆ ಊರಿಲ್ಲ. ಸ್ವಿಟ್ಜರ್ಲೆಂಡಿನ ಯೂಫ್ ಎಂಬ ಪುಟ್ಟ ಹಳ್ಳಿ ಬರೀ 2,126 ಮೀಟರ್‌ನಲ್ಲಿದೆ, ಅಷ್ಟಕ್ಕೇ ಅದು ಆ ಕಡೆಯ ಅತಿ ಎತ್ತರದ ಊರುಗಳಲ್ಲಿ ಒಂದು. ಕಾರಣ ಚಳಿ. ಭೂಮಧ್ಯರೇಖೆಗೆ ಹತ್ತಿರ ಬಂದಷ್ಟೂ ವರ್ಷವಿಡೀ ಹಿಮ ನಿಲ್ಲುವ ಗೆರೆ ಮೇಲೇರುತ್ತೆ. ಲಾ ರಿಂಕೊನಾಡಾ ಇರುವುದು ದಕ್ಷಿಣಕ್ಕೆ 14 ಡಿಗ್ರಿ ಬಳಿ. ಟಿಬೆಟ್ ಅದಕ್ಕಿಂತ ಎಷ್ಟೋ ಉತ್ತರಕ್ಕಿದೆ. ಆದರೆ ಅದು ಚೂಪಾದ ಬೆಟ್ಟವಲ್ಲ, ಎತ್ತರದಲ್ಲಿ ಹಾಸಿದ ಅಗಲವಾದ ನೆಲ. ಬಿಸಿಲಿಗೆ ನೆಲವೇ ಕಾದು ಸುತ್ತಲಿನ ಗಾಳಿಯನ್ನು ಬೆಚ್ಚಗೆ ಮಾಡುತ್ತೆ.

ಉತ್ತರ: ನೀರಿನ ಪರೀಕ್ಷಕಿ

ಗುಂಡುಸೂಜಿ ಅವರೇ, ನಿಮ್ಮ ಮಗಳ ಪ್ರಶ್ನೆ ಓದಿ ಬರೆಯಲೇಬೇಕು ಅನ್ನಿಸಿತು. ನಾನು ಪೆರುವಿನ ಪುನೊದಲ್ಲಿ ಮೂರು ವರ್ಷ ಇದ್ದೆ. ನದಿ, ಕೆರೆಗಳ ನೀರಿನಲ್ಲಿ ಪಾದರಸ ಎಷ್ಟಿದೆ ಅಂತ ನೋಡುವುದು ನನ್ನ ಕೆಲಸ. ಪುನೊನೇ 3,830 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ನೀರಿನ ಬಾಟಲಿಗಳ ಪೆಟ್ಟಿಗೆ ಹೊತ್ತುಕೊಂಡು ಲಾ ರಿಂಕೊನಾಡಾಗೆ ಹದಿನಾಲ್ಕು ಸಲ ಹೋಗಿದ್ದೇನೆ. ಹಾಗಾಗಿ ಪಟ್ಟಿ ನೋಡಿ ಹೇಳುತ್ತಿಲ್ಲ, ಕಂಡದ್ದನ್ನು ಹೇಳುತ್ತೇನೆ.

ಮೊದಲ ಸಲ ಹೋದದ್ದು ತಪ್ಪು ರೀತಿಯಲ್ಲಿ. ಸಮುದ್ರದ ಪಕ್ಕದ ಲಿಮಾದಿಂದ ವಿಮಾನದಲ್ಲಿ ಹುಲಿಯಾಕಾಗೆ ಬಂದಿಳಿದೆ. ಅದು 3,825 ಮೀಟರ್. ಅಲ್ಲಿ ಎರಡು ಮೂರು ದಿನ ಉಳಿಯಬೇಕಿತ್ತು. ಕೆಲಸ ಕೊಟ್ಟವರಿಗೆ ಅವಸರ. ಅದೇ ಮಧ್ಯಾಹ್ನ ಗಾಡಿ ಹತ್ತಿಸಿ ಮೇಲಕ್ಕೆ ಕಳಿಸಿದರು. ಅನನೇಯಾ ದಾಟುವ ಹೊತ್ತಿಗೆ ತಲೆನೋವು ಶುರುವಾಯಿತು. ಲಾ ರಿಂಕೊನಾಡಾ ಮುಟ್ಟಿದ ಮೇಲೆ ಎರಡು ಸಲ ವಾಂತಿ. ರಾತ್ರಿ ಕಣ್ಣು ಮುಚ್ಚಿದರೆ ಉಸಿರು ನಿಂತೇ ಹೋಗುತ್ತಿತ್ತು, ಆಮೇಲೆ ಗಾಬರಿಯಿಂದ ಎದ್ದು ಕೂತು ಏದುಸಿರು. ಅಲ್ಲಿನವರು ಇದಕ್ಕೆ ಸೊರೋಚೆ ಅನ್ನುತ್ತಾರೆ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಶೇಕಡ 71 ತೋರಿಸಿತು. ನಾನು ಉಳಿದುಕೊಂಡಿದ್ದ ಮನೆಯ ಹೆಂಗಸು ಕೋಕಾ ಎಲೆ ಹಾಕಿದ ಬಿಸಿನೀರು ಕೊಟ್ಟು ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿದ್ದರು. ಬೆಳಕು ಹರಿಯುತ್ತಿದ್ದಂತೆ ತಾವೇ ಗಾಡಿ ಹುಡುಕಿ ನನ್ನನ್ನು ಕೆಳಗೆ ಕಳಿಸಿದರು. "ಇದಕ್ಕೆ ಔಷಧಿ ಇಳಿಯುವುದೇ" ಅಂದರು. ಸಾವಿರ ಮೀಟರ್ ಇಳಿಯುವಷ್ಟರಲ್ಲಿ ಹಸಿವು ವಾಪಸ್ ಬಂತು. ಆಮೇಲೆ ಮೂರು ವಾರ ಪುನೊದಲ್ಲಿ ಇದ್ದು, ಮೈ ಹೊಂದಿಕೊಂಡ ಮೇಲೆ ಮತ್ತೆ ಹೋದೆ.

ಈಗ ಊರಿನ ವಿಷಯ. ನೆತ್ತಿಯ ಮೇಲೆ ಒಂದು ಹಿಮನದಿ. ಅದಕ್ಕೆ ಅವರು ಇಟ್ಟ ಹೆಸರು ಬೆಯಾ ದುರ್ಮಿಯೆಂತೆ, ಮಲಗಿರುವ ಸುಂದರಿ. ಅದರ ಕೆಳಗೆ ಇಳಿಜಾರಿನಲ್ಲಿ ತಗಡಿನ ಮನೆಗಳು ಒಂದರ ಮೇಲೊಂದು ಬಿದ್ದ ಹಾಗೆ ಇವೆ. ಕರೆಂಟು ಇದೆ. ಕೊಳಾಯಿ ನೀರಿಲ್ಲ, ಒಳಚರಂಡಿ ಇಲ್ಲ. ಬೀದಿಯಲ್ಲಿ ಹಗಲೆಲ್ಲ ಕೆಸರು, ರಾತ್ರಿ ಅದೇ ಕೆಸರು ಕಲ್ಲಿನಂತೆ ಹೆಪ್ಪುಗಟ್ಟುತ್ತೆ. ನೀರು 83 ಡಿಗ್ರಿಗೇ ಕುದಿಯುತ್ತೆ, ಹಾಗಾಗಿ ಪ್ರೆಷರ್ ಕುಕ್ಕರ್ ಇಲ್ಲದೆ ಆಲೂಗಡ್ಡೆ ಬೇಯಿಸುವುದು ದೊಡ್ಡ ಕೆಲಸ.

ಜನ ಯಾಕೆ ಇದ್ದಾರೆ? ಬಂಗಾರಕ್ಕೆ. ಬೇರೆ ಕಾರಣವೇ ಇಲ್ಲ. 2000ರ ನಂತರ ಬಂಗಾರದ ಬೆಲೆ ಏರಿದಂತೆ ಊರೂ ಬೆಳೆಯಿತು. ಅಲ್ಲಿ ಕಚೋರೆಯೊ ಅಂತ ಒಂದು ಪದ್ಧತಿ ಇದೆ. ಗಣಿ ಕೆಲಸಗಾರ 30 ದಿನ ಸಂಬಳವಿಲ್ಲದೆ ದುಡಿಯುತ್ತಾನೆ. 31ನೇ ದಿನ ತಾನು ಹೊರಬಲ್ಲಷ್ಟು ಅದಿರನ್ನು ಹೆಗಲ ಮೇಲೆ ಹೊತ್ತು ತರಬಹುದು. ಅದರಲ್ಲಿ ಬಂಗಾರ ಇದ್ದರೆ ಅವನ ಪುಣ್ಯ, ಇಲ್ಲದಿದ್ದರೆ ಬರೀ ಕಲ್ಲು. ಹೆಂಗಸರನ್ನು ಗಣಿಯೊಳಗೆ ಬಿಡುವುದಿಲ್ಲ, ಬೆಟ್ಟ ಮುನಿಯುತ್ತೆ ಅನ್ನುವ ನಂಬಿಕೆ. ಅವರು ಹೊರಗೆ ಎಸೆದ ಕಲ್ಲುರಾಶಿಯಲ್ಲಿ ಕೂತು, ಸುತ್ತಿಗೆಯಿಂದ ಒಡೆದು, ಹೊಳಪು ಇರುವ ತುಣುಕು ಆರಿಸುತ್ತಾರೆ. ಅವರನ್ನು ಪಾಯಾಕೇರಾ ಅನ್ನುತ್ತಾರೆ. ನನ್ನನ್ನು ಆ ರಾತ್ರಿ ನೋಡಿಕೊಂಡ ಹೆಂಗಸು ಕೂಡ ಪಾಯಾಕೇರಾನೇ.

ಪುಡಿ ಮಾಡಿದ ಅದಿರಿಗೆ ಪಾದರಸ ಬೆರೆಸುತ್ತಾರೆ. ಅದು ಬಂಗಾರವನ್ನು ಹಿಡಿದುಕೊಳ್ಳುತ್ತೆ. ಆ ಮುದ್ದೆಯನ್ನು ಊರೊಳಗಿನ ಅಂಗಡಿಗಳಲ್ಲೇ ಕಾಯಿಸುತ್ತಾರೆ. ಪಾದರಸ ಆವಿಯಾಗಿ ಹೊರಗೆ ಹೋಗಿ, ತಣ್ಣಗಿನ ತಗಡಿನ ಮೇಲೆ, ಹಿಮದ ಮೇಲೆ ಕೂರುತ್ತೆ. ಆ ಸೂರಿನ ನೀರನ್ನೇ ಬಕೆಟ್ ಇಟ್ಟು ಹಿಡಿಯುತ್ತಾರೆ. ನನ್ನ ಬಾಟಲಿಗಳಲ್ಲಿ ತುಂಬಿಸಿದ್ದು ಅದೇ ನೀರು. ಎತ್ತರದ ಊರು ಅಂದಾಗ ಎಲ್ಲರೂ ಆಮ್ಲಜನಕದ ಮಾತೇ ಆಡುತ್ತಾರೆ. ಗಾಳಿ ತೆಳುವಾಗಿರುವುದು ಯಾರ ತಪ್ಪೂ ಅಲ್ಲ. ಈ ನೀರು ಹಾಗಲ್ಲ. ನನಗೆ ಜಾಸ್ತಿ ನೋವಾದದ್ದು ಅದಕ್ಕೆ.

ಮಗಳ ಪ್ರಶ್ನೆಗೆ ಬರುತ್ತೇನೆ. ಹೌದು ಪುಟ್ಟಾ, ಅಲ್ಲಿ ಪಾಪುಗಳು ಹುಟ್ಟುತ್ತಾರೆ. ಅಲ್ಲಿ ಶಾಲೆ ಇದೆ. ಬೆಳಿಗ್ಗೆ ಕೆನ್ನೆ ಕೆಂಪಗೆ ಒಡೆದ ಮಕ್ಕಳು ಆ ಇಳಿಜಾರಿನಲ್ಲಿ ಓಡುವುದನ್ನು ನಾನೇ ನೋಡಿದ್ದೇನೆ. ನಾನು ಅದೇ ದಾರಿಯಲ್ಲಿ ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆ. ಆದರೆ ಆ ಪಾಯಾಕೇರಾ ಅಕ್ಕನ ಇಬ್ಬರು ಮಕ್ಕಳು ಅಲ್ಲಿರಲಿಲ್ಲ. ಹುಲಿಯಾಕಾದಲ್ಲಿ ಅಜ್ಜಿಯ ಹತ್ತಿರ ಇದ್ದರು. ಎರಡೂ ಹೆರಿಗೆಗೆ ಅವರು ಕೆಳಗೇ ಹೋಗಿದ್ದರಂತೆ. "ನಿಮ್ಮ ಮನೆ ಯಾವುದು?" ಅಂತ ಕೇಳಿದಾಗ ಕೆಳಗಡೆ ಕೈ ತೋರಿಸಿದರು. ಆ ತಗಡಿನ ಕೋಣೆಯಲ್ಲಿ ಅವರು ಹನ್ನೊಂದು ವರ್ಷದಿಂದ ಇದ್ದರು.

ಉತ್ತರ: ಶರೀರಶಾಸ್ತ್ರದ ಮೇಷ್ಟ್ರು

ಮೇಡಂ ಬರೆದದ್ದಕ್ಕೆ ಒಂದಿಷ್ಟು ಸೇರಿಸುತ್ತೇನೆ. ನಾನು ಮೆಡಿಕಲ್ ಕಾಲೇಜಿನಲ್ಲಿ ಇದನ್ನೇ ಪಾಠ ಮಾಡುತ್ತೇನೆ.

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆ ಒಂದೇ, ಸುಮಾರು 21 ಶೇಕಡ. ಕಡಿಮೆಯಾಗುವುದು ಒತ್ತಡ. 5,100 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರದಂಡೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅಂದರೆ ಒಂದು ಉಸಿರಿನಲ್ಲಿ ಸಿಗುವುದೂ ಹೆಚ್ಚುಕಮ್ಮಿ ಅರ್ಧ. ಕೆಳಗಿನವರು ಮೇಲೆ ಹೋದಾಗ ಮೊದಲು ಉಸಿರಾಟ ಜೋರಾಗುತ್ತೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಹೋಗುತ್ತೆ, ರಕ್ತದ ಆಮ್ಲ ಕಡಿಮೆಯಾಗುತ್ತೆ. ಆಗ ನಿದ್ದೆಯಲ್ಲಿ ಮೆದುಳು "ಇನ್ನು ಉಸಿರು ಬೇಡ" ಅನ್ನುತ್ತೆ. ಮೇಡಂಗೆ ಆ ರಾತ್ರಿ ಉಸಿರು ನಿಂತು ನಿಂತು ಬಂದದ್ದು ಅದಕ್ಕೇ. ಕೆಲವು ದಿನಗಳಲ್ಲಿ ಮೂತ್ರಪಿಂಡ ಇದನ್ನು ಸರಿದೂಗಿಸುತ್ತೆ. ಕೆಂಪು ರಕ್ತಕಣ ಹೆಚ್ಚಲು ವಾರಗಳು ಬೇಕು.

ಒಗ್ಗಿಕೊಂಡಿದ್ದಾರಾ, ತಡೆದುಕೊಂಡಿದ್ದಾರಾ ಅಂತ ಕೇಳಿದಿರಿ. ಇದು ಹಳೆಯ ಜಗಳ. 1921–22ರಲ್ಲಿ ಕೇಂಬ್ರಿಜ್‌ನ ಜೋಸೆಫ್ ಬಾರ್‌ಕ್ರಾಫ್ಟ್ ತಂಡ ಕಟ್ಟಿಕೊಂಡು ಸೆರೊ ದೆ ಪಾಸ್ಕೊಗೆ ಹೋದರು. ಎತ್ತರದಲ್ಲಿ ಬಾಳುವವರೆಲ್ಲ ದೇಹದಲ್ಲೂ ಬುದ್ಧಿಯಲ್ಲೂ ಕುಂದಿದವರು ಎಂಬ ಅರ್ಥದಲ್ಲಿ ಆಮೇಲೆ ಬರೆದರು. ಪೆರುವಿನ ವೈದ್ಯ ಕಾರ್ಲೋಸ್ ಮೊಂಗೆ ಇದನ್ನು ಒಪ್ಪಲಿಲ್ಲ. ಬಾರ್‌ಕ್ರಾಫ್ಟ್‌ಗೇ ಆಗ ಎತ್ತರದ ಕಾಯಿಲೆ ಇತ್ತು, ಅದು ಅವರಿಗೆ ಗೊತ್ತಾಗಲಿಲ್ಲ ಅಂದರು. ಆಂಡೀಸ್‌ನ ಜನ ಅಲ್ಲಿನ ಗಾಳಿಗೆ ತಕ್ಕ ಹಾಗೆ ಬಾಳುವವರು, ಅವರನ್ನು ಸಮುದ್ರದಂಡೆಯವರ ಅಳತೆಯಲ್ಲಿ ಅಳೆಯಬಾರದು ಎಂಬುದು ಅವರ ವಾದ. ನನಗೆ ತುಂಬ ಗೌರವ ಹುಟ್ಟಿಸುವ ವಿಷಯ ಇನ್ನೊಂದಿದೆ. ಆ ಜನರ ಪರ ನಿಂತ ಇದೇ ಮೊಂಗೆ 1925ರಲ್ಲಿ, ಅಲ್ಲೇ ಹುಟ್ಟಿ ಬೆಳೆದವರಲ್ಲೂ ಕೆಲವರಿಗೆ ವರ್ಷಗಳ ನಂತರ ಆ ಎತ್ತರ ಹಿಡಿಸದೆ ಹೋಗುತ್ತೆ ಅಂತ ತೋರಿಸಿದರು. ರಕ್ತಕಣ ಮಿತಿಮೀರಿ ರಕ್ತ ಮಂದವಾಗುತ್ತೆ. ತುಟಿ ನೀಲಿ, ತಲೆನೋವು, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಕೊನೆಗೆ ಹೃದಯಕ್ಕೆ ಭಾರ. ಇವತ್ತಿಗೂ ಅದರ ಹೆಸರು ಮೊಂಗೆ ಕಾಯಿಲೆ. 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಗಂಡಸರಲ್ಲಿ 21 ಗ್ರಾಂ, ಹೆಂಗಸರಲ್ಲಿ 19 ದಾಟಿದರೆ ಎಚ್ಚರಿಕೆ. 2019ರಿಂದ ಫ್ರಾನ್ಸಿನ ಸ್ಯಾಮ್ಯುಯೆಲ್ ವೆರ್ಜೆ ಅವರ ತಂಡ ಲಾ ರಿಂಕೊನಾಡಾದಲ್ಲೇ ಪ್ರಯೋಗಾಲಯ ಹಾಕಿ ಇದನ್ನು ಅಭ್ಯಾಸ ಮಾಡಿದೆ. ಪೂರ್ತಿ ಗುಣವಾಗುವ ದಾರಿ ಇಂದಿಗೂ ಆ ಪಾಯಾಕೇರಾ ಹೇಳಿದ್ದೇ, ಇಳಿಯುವುದು.

ಟಿಬೆಟ್‌ನವರ ಕಥೆ ಬೇರೆ. ಅವರಲ್ಲಿ ಹಿಮೋಗ್ಲೋಬಿನ್ ಅಷ್ಟೊಂದು ಏರುವುದಿಲ್ಲ. ಉಸಿರಾಟ ಜಾಸ್ತಿ, ರಕ್ತನಾಳ ಅಗಲ. ಇಪಿಎಎಸ್1 ಎಂಬ ಜೀನ್‌ನ ಒಂದು ರೂಪ ಅವರಲ್ಲಿ ಬಹಳ ಜನರಿಗಿದೆ, 2010ರಲ್ಲಿ ಇದು ಗೊತ್ತಾಯಿತು. 2014ರಲ್ಲಿ ತಿಳಿದದ್ದು ಇನ್ನೂ ಅಚ್ಚರಿಯದು. ಆ ರೂಪ ಬಂದಿರುವುದು ಡೆನಿಸೋವನ್ ಎಂಬ, ಈಗ ಅಳಿದುಹೋದ ಇನ್ನೊಂದು ಮಾನವ ಕುಲದಿಂದ. ಟಿಬೆಟ್ ಪ್ರಸ್ಥಭೂಮಿಯ ಅಂಚಿನ ಗುಹೆಯೊಂದರಲ್ಲಿ ಸಿಕ್ಕ ಆ ಕುಲದವರ ದವಡೆ ಮೂಳೆಗೆ 1,60,000 ವರ್ಷ. ಆ ಗುಹೆ 3,280 ಮೀಟರ್ ಎತ್ತರದಲ್ಲಿದೆ.

ಪಾಪು ವಿಷಯಕ್ಕೆ ಒಂದೇ ಅಂಕಿ. ಸಾಮಾನ್ಯವಾಗಿ ಪ್ರತಿ 1,000 ಮೀಟರ್ ಏರಿದರೆ ಹುಟ್ಟುವ ಮಗುವಿನ ತೂಕ ಸುಮಾರು 100 ಗ್ರಾಂ ಇಳಿಯುತ್ತೆ. ತಲೆಮಾರುಗಳಿಂದ ಮೇಲೆ ಇರುವ ಆಂಡೀಸ್ ಮತ್ತು ಟಿಬೆಟ್ ತಾಯಂದಿರಲ್ಲಿ ಈ ಇಳಿತ ಕಡಿಮೆ. ಬಸುರಿಯಲ್ಲಿ ಗರ್ಭಕೋಶಕ್ಕೆ ಹೋಗುವ ರಕ್ತ ಅವರಲ್ಲಿ ಜಾಸ್ತಿ ಇರುತ್ತೆ.

ಗುಂಡುಸೂಜಿ

ಮೂವರಿಗೂ ತುಂಬ ಧನ್ಯವಾದ. ಮಗಳಿಗೆ ಓದಿ ಹೇಳಿದೆ. ಕಚೋರೆಯೊ ಬಂದಾಗ ಎರಡು ಸಲ ಓದಿಸಿದಳು. "31ನೇ ದಿನ ಬರೀ ಕಲ್ಲು ಸಿಕ್ಕಿದರೆ ಮತ್ತೆ 30 ದಿನಾನಾ?" ಅಂದಳು.

ಮೇಡಂ, ಒಂದು ಗೊಂದಲ ಉಳಿದಿದೆ. ಹೆರಿಗೆ ಕೆಳಗೆ, ಮಕ್ಕಳು ಕೆಳಗೆ, ಮನೆ ಅಂತ ಕೈ ತೋರಿಸುವುದೂ ಕೆಳಗೆ. ಹಾಗಿದ್ದರೆ ಲಾ ರಿಂಕೊನಾಡಾವನ್ನು ಊರು ಅನ್ನಬಹುದಾ? ಕೆಂಪು ಸೂಜಿ ಹಾಕಲಾ, ಬೇಡವಾ?

ನೀರಿನ ಪರೀಕ್ಷಕಿ

ಹಾಕಿ. ಅದು ಊರೇ. ಯಾಕೆ ಹಾಗನ್ನುತ್ತೇನೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಮೂರು ವರ್ಷ ಇದೇ ಪ್ರಶ್ನೆ ನನ್ನ ತಲೆಯಲ್ಲೂ ಇತ್ತು.

ಮೊದಲು ಚಿಲಿಯ ಬಿಡಾರ. ಅದು ಔಕಾನ್‌ಕಿಲ್ಚಾ ಜ್ವಾಲಾಮುಖಿಯ ಗಂಧಕದ ಗಣಿ. ಕೆಲಸಗಾರರು 5,300 ಮೀಟರ್‌ನಲ್ಲಿ ಮಲಗುತ್ತಿದ್ದರು, ದಿನಾ ಬೆಳಿಗ್ಗೆ ಸುಮಾರು 5,900ಕ್ಕೆ ಏರಿ ಕೆಲಸ ಮಾಡುತ್ತಿದ್ದರು. ಗಣಿಯ ಹತ್ತಿರ ಮೇಲೆಯೇ ಮಲಗಲು ಅವರು ಒಪ್ಪಲಿಲ್ಲ. ದಿನಾ ಹತ್ತಿ ಇಳಿಯುವ ಕಷ್ಟವೇ ಮೇಲು ಅಂದರು. 1935ರಲ್ಲಿ ಹೋದ ವಿಜ್ಞಾನಿಗಳ ತಂಡ ಇದನ್ನು ಬರೆದಿಟ್ಟಿದೆ. ಮೇಲೆ ಮಲಗಿದರೆ ಹಸಿವು ಸಾಯುತ್ತೆ, ತೂಕ ಇಳಿಯುತ್ತೆ, ನಿದ್ದೆ ಇಲ್ಲ. ಮನುಷ್ಯ ಕಾಯಂ ಆಗಿ ಇರಬಹುದಾದ ಎಲ್ಲೆ ಎಲ್ಲಿದೆ ಅಂತ ಮೊದಲು ಕಂಡುಕೊಂಡವರು ಆ ಕೆಲಸಗಾರರೇ, ತಮ್ಮ ನಿದ್ದೆಯಿಂದ. ನಿಮ್ಮ ನಿಯಮದ ಪ್ರಕಾರ ಅದು ಬಿಡಾರವೇ, ಊರಲ್ಲ. ಸೂಜಿ ಬೇಡ.

ಪೊಟೊಸಿಗೆ ಸೂಜಿ ಚುಚ್ಚಿದ್ದೀರಿ. 4,090 ಮೀಟರ್. ಸೆರೊ ರಿಕೊ ಬೆಟ್ಟದಲ್ಲಿ ಬೆಳ್ಳಿ ಸಿಕ್ಕಿದ್ದರಿಂದ 1545ರಲ್ಲಿ ಸ್ಪೇನಿನವರು ಆ ಊರು ಕಟ್ಟಿದರು. ಕಲಾಂಚಾ ಎಂಬ ಪಾದ್ರಿ ಅಲ್ಲಿನ ಒಂದು ಸಂಗತಿ ಬರೆದಿದ್ದಾರೆ. ಊರಾಗಿ 53 ವರ್ಷ ಕಳೆದರೂ ಅಲ್ಲಿ ಹುಟ್ಟಿದ ಸ್ಪೇನಿನವರ ಮಕ್ಕಳು ಒಂದೂ ಉಳಿಯಲಿಲ್ಲವಂತೆ. ಬಸುರಿಯರು ಕೆಳಗಿನ ಕಣಿವೆಗಳಿಗೆ ಇಳಿದು ಹೆತ್ತು, ಮಗು ಗಟ್ಟಿಯಾದ ಮೇಲೆ ವಾಪಸ್ ಬರುತ್ತಿದ್ದರು. 1598ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಹುಟ್ಟಿದ ಒಂದು ಮಗು ಬದುಕಿತು. ಟೊಲೆಂಟಿನೊದ ಸಂತ ನಿಕೊಲಾಸ್‌ಗೆ ಹರಕೆ ಹೊತ್ತದ್ದರ ಫಲ ಅಂತ ಜನ ನಂಬಿದರು. ಈಗ ಮಗಳಿಗೆ ಇದನ್ನು ತಪ್ಪದೆ ಹೇಳಿ: ಆ 53 ವರ್ಷವೂ ಅದೇ ಊರಿನಲ್ಲಿ, ಅದೇ ಚಳಿಯಲ್ಲಿ, ಗಣಿ ಕೆಲಸಕ್ಕೆ ಎಳೆದು ತಂದ ಆಂಡೀಸ್ ಜನರ ಮಕ್ಕಳು ಹುಟ್ಟುತ್ತಿದ್ದರು, ಬೆಳೆಯುತ್ತಿದ್ದರು. ಅವರ ಹೆಸರು ಯಾರೂ ಬರೆದಿಡಲಿಲ್ಲ, ಅಷ್ಟೇ.

ಆಂಡೀಸ್ ಜನ ಮೇಲೆ ಬಾಳುವುದು ಬಂಗಾರ ಬೆಳ್ಳಿಗಿಂತ ಎಷ್ಟೋ ಹಳೆಯದು. ಪೆರುವಿನ ಕುಂಕೈಚಾ ಎಂಬ ಕಲ್ಲಿನ ಆಸರೆಯಲ್ಲಿ, 4,480 ಮೀಟರ್ ಎತ್ತರದಲ್ಲಿ, ಸುಮಾರು 12,000 ವರ್ಷದ ಹಿಂದೆಯೇ ಜನ ಇದ್ದ ಗುರುತು ಸಿಕ್ಕಿದೆ. ಮನೆ ಕಟ್ಟುವ ಮೊದಲೇ ಅವರು ಅಲ್ಲಿದ್ದರು.

ಆದರೂ, ನಾನು ಕಂಡ ಯಾವ ಎತ್ತರದ ಊರೂ ಒಂಟಿಯಾಗಿ ಬಾಳುತ್ತಿರಲಿಲ್ಲ. ಪ್ರತಿಯೊಂದಕ್ಕೂ ಕೆಳಗೆ ಒಂದು ಜೊತೆ ಇದೆ. ಮೇಲೆ ಪೈರು ಬೆಳೆಯಲ್ಲ, ಕೆಳಗಿನಿಂದ ಬರಬೇಕು. ಮೈ ಕೆಟ್ಟರೆ ಕೆಳಗೆ ಇಳಿಯಬೇಕು. ವಯಸ್ಸಾದವರು, ಹಸುಗೂಸುಗಳು ಕೆಳಗೆ. ಹುಲಿಯಾಕಾದಿಂದ ಲಾ ರಿಂಕೊನಾಡಾಗೆ ಹೋಗುವ ವ್ಯಾನ್‌ನಲ್ಲಿ ಒಮ್ಮೆ ನನ್ನ ಪಕ್ಕ ಒಬ್ಬ ಹುಡುಗ ಕೂತಿದ್ದ. ಮಡಿಲಲ್ಲಿ ಎರಡು ಕೋಳಿ, ಒಂದು ಗ್ಯಾಸ್ ಸಿಲಿಂಡರ್‌ನ ರೆಗ್ಯುಲೇಟರ್, ಅಮ್ಮನಿಗೆ ಅಂತ ತಲೆನೋವಿನ ಮಾತ್ರೆ. ವಾಪಸ್ ಬರುವಾಗ ಅದೇ ವ್ಯಾನ್‌ನಲ್ಲಿ ಕೆಳಗಿನವರಿಗೆ ಕಳಿಸುವ ದುಡ್ಡು ಇರುತ್ತೆ. ಆ ದಾರಿಯೂ ಊರಿನ ಒಂದು ಭಾಗ, ಅಲ್ವಾ? ಹಾಗಾಗಿ ನಿಮ್ಮ ನಕ್ಷೆಯಲ್ಲಿ ಬರೀ ಸೂಜಿ ಸಾಲದು ಅನ್ನಿಸುತ್ತೆ. ಲಾ ರಿಂಕೊನಾಡಾದಿಂದ ಹುಲಿಯಾಕಾಗೆ ಒಂದು ದಾರ ಕಟ್ಟಿ.

ಸೆರೊ ದೆ ಪಾಸ್ಕೊ ಸೂಜಿಯನ್ನು ಮಾತ್ರ ಊರಿನ ಚುಕ್ಕೆಯ ಅಂಚಿಗೆ ಚುಚ್ಚಿ. ನಡುವಿನಲ್ಲಿ ಊರಿಲ್ಲ, ದೊಡ್ಡ ಗಣಿ ಗುಂಡಿ ಇದೆ. ಹಳೆಯ ಬೀದಿಗಳನ್ನು ಆ ಗುಂಡಿ ತಿಂದುಕೊಂಡು ಬಂದಿದೆ. ಅಲ್ಲಿನ ಮಕ್ಕಳ ರಕ್ತದಲ್ಲಿ ಸೀಸ ಸಿಕ್ಕಿದೆ. ಇಡೀ ಊರನ್ನೇ ಬೇರೆ ಕಡೆ ಒಯ್ಯಬೇಕು ಅಂತ 2008ರಲ್ಲಿ ಪೆರುವಿನ ಸಂಸತ್ತು ಕಾನೂನು ಮಾಡಿತು. ಊರು ಇನ್ನೂ ಅಲ್ಲೇ ಇದೆ.

ಉತ್ತರ: ಚಾಂಗ್‌ತಾಂಗ್ ನೆನಪು

ದಾರದ ಮಾತು ಓದಿ ನಾನೂ ಬರೆಯುತ್ತಿದ್ದೇನೆ. ಲಡಾಖ್‌ನ ತ್ಸೊ ಮೊರಿರಿ ಸರೋವರದ ದಂಡೆಯ ಕೊರ್ಝೋಕ್‌ನಲ್ಲಿ ಎರಡು ಬೇಸಿಗೆ, ಒಂದು ಚಳಿಗಾಲ ಕಳೆದಿದ್ದೇನೆ. 4,500 ಮೀಟರ್ ದಾಟಿದ ಊರು. ಅಲ್ಲಿನ ಚಾಂಗ್‌ಪಾ ಜನ ಪಶ್ಮೀನಾ ಆಡುಗಳನ್ನು ಮೇಯಿಸುತ್ತಾರೆ. ಆ ನುಣುಪಾದ ಉಣ್ಣೆ ಬೆಳೆಯಬೇಕಾದರೆ ಚಳಿ ಕಡು ಇರಬೇಕು, ಕೆಳಗೆ ಒಯ್ದರೆ ಆಗಲ್ಲ. ಅವರನ್ನು ಮೇಲೆ ಹಿಡಿದಿಟ್ಟಿರುವುದು ಚಿನ್ನವಲ್ಲ, ಆಡು.

ಖರ್ನಾಕ್ ಎಂಬ ಕಡೆಯ ಎಷ್ಟೋ ಕುಟುಂಬಗಳು ಈಗ ಲೇಹ್ ಹತ್ತಿರದ ಖರ್ನಾಕ್‌ಲಿಂಗ್‌ಗೆ ಇಳಿದಿವೆ. ಮಕ್ಕಳ ಶಾಲೆ, ಆಸ್ಪತ್ರೆ ಮುಖ್ಯ ಕಾರಣ. ಲೇಹ್ 3,500 ಮೀಟರ್. ಇಳಿದವರಿಗೆ ಅದೇ ಬಯಲು ಸೀಮೆ.

ಪಟ್ಟಿಯಲ್ಲಿರುವ ಟಿಬೆಟ್‌ನ ಹಳ್ಳಿ ತುಯಿವಾ ಇರಬೇಕು. ಪುಮಾ ಯುಮ್ಕೊ ಸರೋವರದ ಪಕ್ಕ, ಸುಮಾರು 5,070 ಮೀಟರ್. ಚಳಿಗಾಲದಲ್ಲಿ ಸರೋವರ ಗಟ್ಟಿಯಾದ ಮೇಲೆ ಅವರು ಕುರಿಗಳನ್ನು ಮಂಜಿನ ಮೇಲೆ ನಡೆಸಿಕೊಂಡು ನಡುವಿನ ದ್ವೀಪಕ್ಕೆ ಹೋಗುತ್ತಾರೆ. ಅಲ್ಲಿ ಹುಲ್ಲು ಉಳಿದಿರುತ್ತೆ. ಕುರಿ ಜಾರಬಾರದು ಅಂತ ದಾರಿಯುದ್ದಕ್ಕೂ ಮಣ್ಣು ಚೆಲ್ಲುತ್ತಾರೆ. ಅದಕ್ಕೂ ಒಂದು ಸೂಜಿ ಹಾಕಿ. ದ್ವೀಪಕ್ಕೆ ಪುಟ್ಟ ದಾರ.

ಟಿಬೆಟ್‌ನಲ್ಲಿ ಎಲ್ಲ ಇಳಿತವೂ ಜನರೇ ಬಯಸಿ ಆದದ್ದಲ್ಲ. 2018ರಲ್ಲಿ ನಾಗ್‌ಚು ಕಡೆಯ ರೊಂಗ್‌ಮಾ ಎಂಬ, 5,000 ಮೀಟರ್ ಆಸುಪಾಸಿನ ಇಡೀ ಊರನ್ನು ಸರ್ಕಾರ ಲಾಸಾ ಹತ್ತಿರಕ್ಕೆ ಸ್ಥಳಾಂತರ ಮಾಡಿತು. ಆರೋಗ್ಯಕ್ಕೆ, ಕಾಡುಪ್ರಾಣಿಗಳಿಗೆ ಒಳ್ಳೆಯದು ಅನ್ನುವುದು ಸರ್ಕಾರದ ಮಾತು. ಕುರುಬರ ಬದುಕನ್ನೇ ಕಿತ್ತು ಹಾಕಿದಂತೆ ಅನ್ನುವುದು ಅದನ್ನು ವಿರೋಧಿಸುವವರ ಮಾತು. ನಾನು ಚಳಿಗಾಲ ಕಳೆದ ಮನೆಯ ಅಜ್ಜ, ಮಗ ಎಷ್ಟು ಕರೆದರೂ ಲೇಹ್‌ಗೆ ಹೋಗಲಿಲ್ಲ. ಅಲ್ಲಿ ಗಾಳಿ ದಪ್ಪ, ನಿದ್ದೆ ಬರಲ್ಲ ಅನ್ನುತ್ತಿದ್ದರು.

ಉತ್ತರ: ಹತ್ತನೇ ನಂಬರ್ ಜರ್ಸಿ

ಎಲ್ ಆಲ್ಟೊ ಸೂಜಿಗೆ ಒಂದು ಫುಟ್‌ಬಾಲ್ ಚಿತ್ರ ಅಂಟಿಸಿ. 2007ರಲ್ಲಿ ಫಿಫಾ 2,500 ಮೀಟರ್ ಮೇಲೆ ಅಂತರರಾಷ್ಟ್ರೀಯ ಪಂದ್ಯ ಬೇಡ ಅಂದಿತು. ಬೊಲಿವಿಯಾ ಸಿಡಿದೆದ್ದಿತು, ಮರುವರ್ಷ ಆ ನಿಷೇಧ ಹೋಯಿತು. 2009ರಲ್ಲಿ ಎಲ್ ಆಲ್ಟೊ ಪಕ್ಕದ ಲಾ ಪಾಜ್ ನಗರದಲ್ಲಿ ಬೊಲಿವಿಯಾ ಅರ್ಜೆಂಟೀನಾವನ್ನು 6-1ರಿಂದ ಸೋಲಿಸಿತು. 2024ರಿಂದ ಇನ್ನೂ ಮೇಲೆ, ಎಲ್ ಆಲ್ಟೊದಲ್ಲೇ ಆಡುತ್ತಿದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಬ್ರೆಜಿಲ್‌ಗೂ 1-0 ಸೋಲು. ತೆಳು ಗಾಳಿಯಲ್ಲಿ ಚೆಂಡು ಜೋರಾಗಿ ಹೋಗುತ್ತೆ, ಕಡಿಮೆ ತಿರುಗುತ್ತೆ. ಕೆಳಗಿನ ಗೋಲ್‌ಕೀಪರ್‌ನ ಅಂದಾಜು ತಪ್ಪುತ್ತೆ.

ಗುಂಡುಸೂಜಿ

ಕೆಂಪು ಸೂಜಿ ಲಾ ರಿಂಕೊನಾಡಾಗೆ ಹೋಯಿತು. ತುಯಿವಾಗೆ ಹಳದಿ. ಸೆರೊ ದೆ ಪಾಸ್ಕೊ ಸೂಜಿ ತೆಗೆದು ಅಂಚಿಗೆ ಚುಚ್ಚಿದ್ದೇವೆ, ನಡುವೆ ಪೆನ್ಸಿಲ್‌ನಲ್ಲಿ ಒಂದು ಸೊನ್ನೆ ಬರೆದಿದ್ದಾಳೆ. ಹೊಲಿಗೆ ಡಬ್ಬಿಯಿಂದ ದಾರ ತೆಗೆದು ಹುಲಿಯಾಕಾ, ಲೇಹ್ ಎರಡಕ್ಕೂ ಕಟ್ಟಿಯಾಯಿತು.

ಈಗ ಎಲ್ ಆಲ್ಟೊ ಹತ್ತಿರ ನಿಂತಿದ್ದೇವೆ. ಅದು ಎಂಟು ಲಕ್ಷಕ್ಕೂ ಜಾಸ್ತಿ ಜನರಿರುವ ದೊಡ್ಡ ನಗರ. ಅದಕ್ಕೂ ಕೆಳಗೆ ಜೊತೆ ಬೇಕಾ? ಬೇಕಾದರೆ ದಾರ ಯಾವ ಬಣ್ಣದ್ದು ಅಂತ ಮಗಳು ನಿಮ್ಮನ್ನೇ ಕೇಳಲು ಹೇಳಿದಳು, ಮೇಡಂ.

ನೀರಿನ ಪರೀಕ್ಷಕಿ

ಲಾ ಪಾಜ್‌ಗೆ ಕಟ್ಟಿ. ನಕ್ಷೆಯಲ್ಲಿ ಎರಡೂ ಅಂಟಿಕೊಂಡೇ ಇರುತ್ತವೆ, ದಾರ ಬೆರಳಿನ ಉಗುರಿನಷ್ಟು ಸಾಕು. ಆದರೆ ಎತ್ತರದಲ್ಲಿ ನಡುವೆ 500 ಮೀಟರ್ ಅಂತರ. ಲಾ ಪಾಜ್ ಒಂದು ಬಟ್ಟಲಿನೊಳಗೆ ಕೂತಿದೆ, ಎಲ್ ಆಲ್ಟೊ ಬಟ್ಟಲಿನ ಅಂಚಿನ ಬಯಲಿನಲ್ಲಿ. ಅಲ್ಲಿ ಅನುಕೂಲಸ್ಥರು ಕೆಳಗಡೆ, ಬೆಚ್ಚಗೆ, ದಪ್ಪ ಗಾಳಿಯಲ್ಲಿ ಇರುತ್ತಾರೆ. ಹಳ್ಳಿಗಳಿಂದ ಬಂದ ಐಮಾರಾ ಎಂಬ ಆಂಡೀಸ್ ಮೂಲನಿವಾಸಿ ಜನ ಮೇಲಿನ ಬಯಲಿನಲ್ಲಿ ತಾವೇ ಮನೆ ಕಟ್ಟಿಕೊಂಡರು, ಅದೇ ಎಲ್ ಆಲ್ಟೊ ಆಯಿತು. ಲಾ ಪಾಜ್‌ಗೆ ಹೋಗುವ ವಿಮಾನವೂ ಇಳಿಯುವುದು ಅಲ್ಲೇ. ತೆಳು ಗಾಳಿಯಲ್ಲಿ ವಿಮಾನ ಏಳಲು ಜಾಸ್ತಿ ಓಡಬೇಕು, ಅದಕ್ಕೆ ರನ್‌ವೇ ನಾಲ್ಕು ಕಿಲೋಮೀಟರ್ ಉದ್ದ.

ಬೆಳಿಗ್ಗೆ ಲಕ್ಷಾಂತರ ಜನ ಕೆಲಸಕ್ಕೆ ಕೆಳಗೆ ಇಳಿಯುತ್ತಾರೆ, ಸಂಜೆ ಮೇಲೆ ಬರುತ್ತಾರೆ. ಮೊದಲು ತಿರುವು ರಸ್ತೆಯಲ್ಲಿ ವ್ಯಾನ್‌ಗೆ ಕಾಯಬೇಕಿತ್ತು. 2014ರಲ್ಲಿ ಕೇಬಲ್ ಕಾರ್ ಶುರುವಾಯಿತು, ಈಗ ಹತ್ತು ನಿಮಿಷದ ದಾರಿ. ನಾನು ಹೋದಾಗಲೆಲ್ಲ ಸಂಜೆ ಅದರಲ್ಲೇ ಮೇಲೆ ಬರುತ್ತಿದ್ದೆ. ಪೆಟ್ಟಿಗೆಯೊಳಗೆ ಎಂಟು ಹತ್ತು ಜನ, ಯಾರದ್ದೋ ಮಡಿಲಲ್ಲಿ ನಿದ್ದೆ ಹೋದ ಮಗು, ಕೆಳಗೆ ಒಂದೊಂದೇ ಹತ್ತುತ್ತಿರುವ ದೀಪಗಳು.

ಅಲ್ಲಿ ಪ್ರತಿ ಮಾರ್ಗಕ್ಕೂ ಒಂದು ಬಣ್ಣ. ಮೊದಲು ಬಂದದ್ದು ಕೆಂಪು ಮಾರ್ಗ. ಕೆಂಪು ದಾರ ಹಾಕಲು ಹೇಳಿ.